ನಿಸ್ತಂತುವಿನಲ್ಲಿ ಲಘು-ಗುರು

ತಂತಿಯ ಹಂಗಿಲ್ಲದೆ ಮಾತು ಹಾಯುವುದೆಂಬುದು ಕನ್ನಡನಾಡಿಗೆ ಇಂದು ನಿನ್ನೆಯ ಸಂಗತಿಯಲ್ಲ. ೧೯೩೫ರಷ್ಟು ಹಿಂದೆಯೇ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯ ಪ್ರಸಾರವನ್ನು ಮೊದಲುಮಾಡಿದರು. ‘ಆಕಾಶವಾಣಿ’ ಎಂಬ ಸಾರ್ಥಕನಾಮ ಆ ನಿಲಯದ್ದು. ೧೯೫೦ರಲ್ಲಿ ಧಾರವಾಡದ ಕೇಂದ್ರವು ಆರಂಭವಾದ ತರುವಾಯ ಈ ಭಾಗದ ಅನುಕೂಲಸ್ಥರ ಮನೆಗಳ ಮಾಳಿಗೆಯ ಮೇಲೆ ಎರಡು ಗಳಗಳ ನಡುವೆ ಬಿಗಿದ ಏರಿಯಲ್ ತಂತಿಯು ಪರಿಚಿತ ದೃಶ್ಯವಾಯಿತು. ರೇಡಿಯೋದೊಳಗೆ ಗೊರಗೊರ ಶಬ್ದವೆದ್ದಾಗ ಮನೆಯ ಹಿರಿಯರು ಮಾಳಿಗೆಯನ್ನೇರಿ ತಂತಿಯನ್ನು ನೋಡುತ್ತಿದ್ದರು. ಕೆಳಗಿಳಿದು ಪೆಟ್ಟಿಗೆಯನ್ನು ತುಸು ಸರಿಸುತ್ತಿದ್ದರು. ಗುಂಡಿಯನ್ನು ಕೂದಲೆಳೆಯಷ್ಟು ತಿರುಹುತ್ತಿದ್ದರು. ದೋಷವು ನಿಲಯದಲ್ಲಿದೆಯೋ ತಮ್ಮ ಮನೆಯಲ್ಲಿದೆಯೋ ಎಂಬುದನ್ನು ತಿಳಿಯದೆ ಯಾರೂ ಧಾರವಾಡದವರನ್ನು ದೂರುತ್ತಿರಲಿಲ್ಲ.

ಈಗ ಮನೆಮನೆಯಲ್ಲಿಯೂ ವೈಫೈ ಎಂಬ ಹೆಸರಿನ ನಿಸ್ತಂತು ಜಾಲವುಂಟು. ಇದರ ಮೊದಲ ನಿಯಮಾವಳಿಯು ಐಇಇಇ ಎಂಬ ತಂತ್ರಜ್ಞರ ಸಂಸ್ಥೆಯಿಂದ ೧೯೯೭ರಲ್ಲಿ ಹೊರಬಿದ್ದಿತು. ಇದಕ್ಕೆ ಬೇಕಾದ ೨.೪ ಗಿಗಾಹರ್ಟ್ಸ್ ಕಂಪನಾಂಕದ ಪಟ್ಟಿಯನ್ನು ಭಾರತ ಸರಕಾರವು ೨೦೦೫ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ೫ ಗಿಗಾಹರ್ಟ್ಸ್ ಪಟ್ಟಿಯು ವಿಶಾಲವಾಗಿ ತೆರೆದದ್ದು ೨೦೧೮ರಲ್ಲಿ. ಸೌಕರ್ಯವು ಬಂದಿತು, ಮಾಳಿಗೆಯನ್ನೇರಿ ತಂತಿಯನ್ನು ನೋಡುವ ಅಭ್ಯಾಸ ಮಾತ್ರ ಹೋಯಿತು. ಚಿತ್ರ ನಿಂತಿತೆಂದರೆ ಕಂಪನಿಗೆ ದೂರವಾಣಿ, ಮಾತು ತುಂಡಾಯಿತೆಂದರೆ ಹೆಚ್ಚು ಹಣದ ಯೋಜನೆ. ರೋಗವಾವುದೆಂದು ತಿಳಿಯುವ ಮೊದಲೇ ಔಷಧಿಯನ್ನು ಕೊಳ್ಳುವ ಈ ಪರಿ ಎಷ್ಟು ವ್ಯರ್ಥವೆಂಬುದಕ್ಕೆ ಒಂದು ಮನೆಯ ವೃತ್ತಾಂತವು ಸಾಕು.

ಧಾರವಾಡ ಸೀಮೆಯ ಒಂದು ಊರಿನಲ್ಲಿ, ಪ್ರೌಢಶಾಲೆಯಲ್ಲಿ ಮೂರು ದಶಕಕ್ಕೂ ಮಿಕ್ಕಿ ಕನ್ನಡವನ್ನು ಬೋಧಿಸಿ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಹಿಂದೊಮ್ಮೆ ಅವರ ಕೈಯಲ್ಲಿ ಕಲಿತು ಈಗ ಅಮೆರಿಕದ ಪೂರ್ವತೀರದಲ್ಲಿ ನೆಲೆಸಿರುವ ಶಿಷ್ಯನೊಬ್ಬನ ಪ್ರಾರ್ಥನೆಯಂತೆ, ಅಲ್ಲಿಯ ಏಳೆಂಟು ಕನ್ನಡ ಮಕ್ಕಳಿಗೆ ಪ್ರತಿ ಶನಿವಾರ ಸಂಜೆ ಏಳೂವರೆಗೆ ಅವರು ಪಾಠ ಹೇಳುತ್ತಾರೆ. ಬೇಸಿಗೆಯಲ್ಲಿ ಅಲ್ಲಿಗೆ ಅದು ಬೆಳಗಿನ ಹತ್ತು ಗಂಟೆ. ಸಂಬಳದ ಮಾತಿಲ್ಲ. ವರ್ಣಮಾಲೆಯಿಂದ ಆರಂಭವಾದ ಪಾಠವು ಎರಡು ವರ್ಷಗಳಲ್ಲಿ ಭಾಮಿನೀ ಷಟ್ಪದಿಯ ಹೊಸ್ತಿಲಿಗೆ ಬಂದಿತ್ತು. ಕುಮಾರವ್ಯಾಸನ ಛಂದಸ್ಸನ್ನು ಕನ್ನಡವೇ ಕಿವಿಗೆ ಬೀಳದ ಪರದೇಶದ ಮಕ್ಕಳಿಗೆ ಹೇಳಿಕೊಡುವುದು ಸಾಹಸವೇ ಸರಿ. ಆದರೆ ಮಕ್ಕಳಿಗೆ ಲೆಕ್ಕದ ಆಟವೆಂದರೆ ಪ್ರೀತಿ, ಮಾತ್ರಾಗಣವೂ ಒಂದು ಲೆಕ್ಕದ ಆಟವೇ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಬೆರಳು ಮಡಿಸುತ್ತ ಅವು ಕಲಿಯುತ್ತಿದ್ದವು.

ಪಾಠದ ಕ್ರಮವು ಸರಳವಾದುದು. ಮಾಸ್ತರರು ಶಬ್ದವೊಂದನ್ನು ಉಚ್ಚರಿಸುವರು. ಮಕ್ಕಳು ಅದನ್ನು ಬರೆದು ಮೇಲೆ ಲಘು-ಗುರುಗಳ ಚಿಹ್ನೆಯನ್ನು ಹಾಕಿ ತೋರಿಸುವರು. ಆ ವರ್ಷದ ಜೂನ್ ತಿಂಗಳ ಒಂದು ಶನಿವಾರ ಮಾಸ್ತರರು ‘ಬಳೆ’ ಎಂದರು. ಹತ್ತು ವರ್ಷದ ಹುಡುಗಿಯೊಬ್ಬಳು ‘ಬಾಳೆ’ ಎಂದು ಬರೆದು ಒಂದು ಗುರು, ಒಂದು ಲಘು ಹಾಕಿದಳು. ‘ಕತೆ’ ಎಂದರು, ಅವಳು ‘ಕತ್ತೆ’ ಎಂದು ಬರೆದಳು. ಉಳಿದ ಮಕ್ಕಳು ನಕ್ಕರು. ಮಾಸ್ತರರು ಮೃದುವಾಗಿಯೇ ತಿದ್ದಿದರು. ಮೂರನೆಯ ಸಲವೂ ತಪ್ಪಿದಾಗ ಹುಡುಗಿ, “ನೀವು ಹೇಳಿದ ಹಾಗೇ ಬರೆದಿದ್ದೇನೆ, ಅಜ್ಜಾ” ಎಂದಳಂತೆ. ಆ ಮಾತೂ ಇತ್ತ ಅರ್ಧವೇ ತಲುಪಿತು. ಮುಂದಿನ ವಾರ ಅವಳು ಬರಲಿಲ್ಲ. ತನಗೆ ಕನ್ನಡ ಬರುವುದಿಲ್ಲವೆಂದು ಅವಳು ತಾನೇ ನಿಶ್ಚಯಿಸಿಕೊಂಡಿರುವಳೆಂದು ತಾಯಿ ಬರೆದು ತಿಳಿಸಿದರು. ಪತ್ರದೊಡನೆ ಆ ದಿನದ ಪಾಠದ ಧ್ವನಿಮುದ್ರಣವೂ ಇತ್ತು. ಮಾಸ್ತರರು ಅದನ್ನು ಕೇಳಿದರು. ತಮ್ಮದೇ ಕಂಠದಲ್ಲಿ, ಸ್ಪಷ್ಟವಾಗಿ, ‘ಬಾಳೆ’ ಎಂದು ಕೇಳಿಬಂದಿತು.

ಇದು ಮಾಯೆಯಲ್ಲ. ಇಂಥ ಜಾಲದಲ್ಲಿ ಧ್ವನಿಯು ನೀರಿನ ಧಾರೆಯಂತೆ ಅಖಂಡವಾಗಿ ಹರಿಯುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು, ಎಂದರೆ ೨೦ ಮಿಲಿಸೆಕೆಂಡಿನ, ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹೋಗುತ್ತದೆ. ಆಡುಮಾತಿನಲ್ಲಿ ಹ್ರಸ್ವಸ್ವರವೊಂದರ ಆಯುಷ್ಯ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಮುಟ್ಟುವುದಿಲ್ಲ. ನಾಲ್ಕೈದು ಪೊಟ್ಟಣಗಳು ದಾರಿಯಲ್ಲಿ ಕಳೆದರೆ ಒಂದು ಸ್ವರವೇ ಹೋದಂತೆ. ಪೊಟ್ಟಣವು ಬರದಿದ್ದಾಗ ಅತ್ತಕಡೆಯ ಯಂತ್ರವು ಸುಮ್ಮನಿರುವುದಿಲ್ಲ. ಕೇಳುಗರಿಗೆ ಕಂದಕವು ತಿಳಿಯಬಾರದೆಂದು ಹಿಂದಿನ ಧ್ವನಿಯನ್ನೇ ಎಳೆದು ಹಿಗ್ಗಿಸಿ ಬಿರುಕನ್ನು ಮುಚ್ಚುತ್ತದೆ. ತಡವಾದ ಪೊಟ್ಟಣಗಳೆಲ್ಲ ಒಟ್ಟಿಗೆ ನುಗ್ಗಿದಾಗ ಧ್ವನಿಯನ್ನು ಒತ್ತಿ ಕುಗ್ಗಿಸಿ ಕಾಲವನ್ನು ಸರಿದೂಗಿಸಿಕೊಳ್ಳುತ್ತದೆ. ಹ್ರಸ್ವವು ದೀರ್ಘವಾಗುವುದಕ್ಕೂ ದೀರ್ಘವು ಹ್ರಸ್ವವಾಗುವುದಕ್ಕೂ ಇಷ್ಟು ಸಾಕು. ಬಿರುಕು ಮತ್ತೂ ದೊಡ್ಡದಾದರೆ ಮೌನವೇ ಉಳಿಯುತ್ತದೆ. ‘ಕತೆ’ಯ ತಕಾರಕ್ಕೆ ಮುನ್ನ ಆ ಮೌನವು ಬಂದು ಕುಳಿತರೆ ಕಿವಿಗೆ ಅದು ಒತ್ತಕ್ಷರವೇ ಆಗಿ ‘ಕತ್ತೆ’ ಎಂದು ಕೇಳುತ್ತದೆ. ಸ್ವರದ ದೀರ್ಘಹ್ರಸ್ವವು ಅರ್ಥವನ್ನು ಕೆಡಿಸದ ಭಾಷೆಗಳಿಗೆ ಈ ಯಂತ್ರೋಪಾಯವು ಹಿತವಾಗಿಯೇ ಇದ್ದೀತು. ಮಾತ್ರೆಯೇ ಪ್ರಾಣವಾದ ಕನ್ನಡಕ್ಕೆ ಅದು ಲಿಪಿಕಾರನ ಸ್ಖಾಲಿತ್ಯಕ್ಕಿಂತಲೂ ಕೆಟ್ಟದ್ದು. ತಾಳೆಯೋಲೆಯ ಲಿಪಿಕಾರನು ಬಿಟ್ಟಲ್ಲಿ ಬಿಟ್ಟದ್ದಾದರೂ ಕಾಣುತ್ತದೆ.

ಮಾಸ್ತರರ ಮನೆಯವರು ಜಾಲವನ್ನು ಅದಕ್ಕೂ ಮುನ್ನವೇ ದೂರುತ್ತಿದ್ದರು. ಕಂಪನಿಯ ಹುಡುಗನು ಮೂರು ಬಾರಿ ಬಂದು ರೂಟರಿನ ಮುಂದೆಯೇ ನಿಂತು ವೇಗವನ್ನಳೆದು, “ಗುರುಗಳ, ಲೈನ್ ಅಗದೀ ಬರೋಬರಿ ಐತ್ರಿ, ನೂರು ಎಂಬಿ ಬರಾಕತ್ತೈತಿ ನೋಡ್ರಿ” ಎಂದು ಹೇಳಿ ಹೋಗಿದ್ದನು. ಮನೆಯವರಿಗೆ ಅದು ಜಾರಿಕೆಯ ಮಾತೆಂದು ತೋರಿತು. ಪೇಟೆಯ ಅಂಗಡಿಯವನ ಮಾತು ಕೇಳಿ ಬೂಸ್ಟರ್ ಎಂಬುದೊಂದನ್ನು ತಂದು ಮಹಡಿಯ ಕೋಣೆಯಲ್ಲಿ, ಮಾಸ್ತರರ ಮೇಜಿನ ಪಕ್ಕದಲ್ಲಿಯೇ, ಸಿಕ್ಕಿಸಿದ್ದರು. ಮೊಬೈಲಿನಲ್ಲಿ ಕಡ್ಡಿಗಳು ಪೂರ್ತಿ ತೋರಿದವು. ಮಾತು ಮೊದಲಿಗಿಂತ ಹೆಚ್ಚು ಕಡಿಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಅಲೆಯೇ ಕ್ಷೀಣವಾಗಿ ತಲುಪುವ ಸ್ಥಳದಲ್ಲಿ ಕುಳಿತ ಬೂಸ್ಟರು ಆ ಕ್ಷೀಣವಾದುದನ್ನೇ ಗಟ್ಟಿಯಾಗಿ ಮರುನುಡಿಯುತ್ತದೆ. ಅಗ್ಗದ ಬೂಸ್ಟರಾದರೆ ಕೇಳುವುದೂ ಹೇಳುವುದೂ ಒಂದೇ ಚಾನಲ್ಲಿನಲ್ಲಿ. ಒಂದೇ ಮಾತಿಗೆ ಗಾಳಿಯು ಎರಡು ಸಲ ವ್ಯಯವಾಗಿ ವೇಗವು ಅರ್ಧಕ್ಕಿಳಿಯುತ್ತದೆ. ಕಡ್ಡಿಗಳು ತೋರುವುದು ಪಕ್ಕದ ಬೂಸ್ಟರಿನ ಬಲವನ್ನು, ಅದರ ಹಿಂದಣ ದಾರಿಯ ಬಲವನ್ನಲ್ಲ.

“ಅಜ್ಜಾ, ಇದಕ್ಕಿಂತಾ ದೊಡ್ಡ ಪ್ಲಾನ್ ಹಾಕಿಸಿದ್ರ ಆತು” ಎಂದನು ಪದವಿಪೂರ್ವ ತರಗತಿಯಲ್ಲಿದ್ದ ಮೊಮ್ಮಗ.

“ತಡಿ ತಮ್ಮಾ. ರೊಕ್ಕಾ ಕೊಡೂದು ಕಡೀಕ ಇರಲಿ. ಒಂದೊಂದ ನೋಡೋಣು” ಎಂದರು ಮಾಸ್ತರರು. ಹುಡುಗಿಯ ತಾಯಿಯ ಪತ್ರವು ಬಂದ ದಿನ ಆಡಿದ ಮಾತಿದು.

ಮಾಸ್ತರರಿಗೆ ಯಂತ್ರವಿದ್ಯೆಯು ತಿಳಿಯದು. ಆದರೆ ತರ್ಕದಲ್ಲಿ ಅನ್ವಯ-ವ್ಯತಿರೇಕಗಳೆಂಬ ಎರಡು ಕೋಲುಗಳಿರುವುದು ತಿಳಿದಿತ್ತು. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು. ಹೀಗಿದ್ದಲ್ಲಿ ಮಾತ್ರ ಒಂದನ್ನು ಮತ್ತೊಂದಕ್ಕೆ ಕಾರಣವೆನ್ನಬಹುದು. ಹೊರಗಿನಿಂದ ಬರುವ ದಾರಿ ಒಂದು, ರೂಟರಿನಿಂದ ಗಾಳಿಯಲ್ಲಿ ಸಾಗುವ ದಾರಿ ಮತ್ತೊಂದು. ಇವೆರಡನ್ನೂ ‘ನೆಟ್’ ಎಂಬ ಒಂದೇ ಶಬ್ದದಿಂದ ಕರೆಯುವುದೇ ಅರ್ಧ ಅನರ್ಥಕ್ಕೆ ಮೂಲ. ಬೂಸ್ಟರನ್ನು ಕಿತ್ತು ಪೆಟ್ಟಿಗೆಯಲ್ಲಿಟ್ಟರು. ಮೊಮ್ಮಗನು ಲ್ಯಾಪ್‌ಟಾಪನ್ನು ಕೆಳಗೆ ತಂದು ತಂತಿಯಿಂದಲೇ ರೂಟರಿಗೆ ಜೋಡಿಸಿ ‘ಪಿಂಗ್’ ಎಂಬ ಆಜ್ಞೆಯನ್ನು ಕೊಟ್ಟನು. ಇದು ಓಗೊಡುವ ಆಟದಂತೆ: ಇತ್ತಣಿಂದ ಒಂದು ಕೂಗು, ಅತ್ತಣಿಂದ ಒಂದು ಮರುಕೂಗು, ನಡುವೆ ಎಷ್ಟು ಹೊತ್ತು ಕಳೆಯಿತೆಂಬ ಲೆಕ್ಕ. ಮೊದಲು ಮನೆಯ ರೂಟರಿಗೇ ಕೂಗಿ ನೋಡಬೇಕು, ತರುವಾಯ ಹೊರಲೋಕದ ಯಾವುದಾದರೂ ಸರ್ವರಿಗೆ. ತಂತಿಯಲ್ಲಿ ರೂಟರಿನಿಂದ ಮರುಕೂಗು ಒಂದು ಮಿಲಿಸೆಕೆಂಡಿನೊಳಗೆ ಬಂದಿತು. ಹೊರಗಿನಿಂದಲೂ ಹದವಾಗಿ, ಒಂದೂ ತಪ್ಪದೆ ಬಂದಿತು. ಮಹಡಿಯ ಕೋಣೆಯಲ್ಲಿ ತಂತಿಯಿಲ್ಲದೆ ಮಾಡಿದಾಗ, ಹತ್ತು ಗಜದಾಚೆ ಕೆಳಗಿದ್ದ ಆ ರೂಟರಿನಿಂದಲೇ ಮರುಕೂಗು ಒಮ್ಮೆ ಐದು, ಒಮ್ಮೆ ಮುನ್ನೂರು ಮಿಲಿಸೆಕೆಂಡು. ಕೆಲವಂತೂ ಬರಲೇ ಇಲ್ಲ. ಕಂಪನಿಯ ಹುಡುಗನು ಹೇಳಿದ್ದು ದಿಟವಾಗಿತ್ತು. ಸಮುದ್ರಗಳನ್ನು ದಾಟಿ ಹೋಗಬಲ್ಲ ಮಾತು ಅಡುಗೆಮನೆಯನ್ನು ದಾಟಲಾರದೆ ಬಿದ್ದಿತ್ತು.

ಕಾರಣವನ್ನು ತಿಳಿಯಲು ಆ ಮನೆಯನ್ನು ಅರಿಯಬೇಕು. ಮುಂಭಾಗವು ಹಿರಿಯರು ಕಟ್ಟಿಸಿದ್ದು. ಕಲ್ಲು-ಮಣ್ಣಿನ ಎರಡಡಿ ದಪ್ಪದ ಗೋಡೆಗಳು, ಪಡಸಾಲೆಯ ಮೇಲೆ ಬೆಳಕಿಂಡಿ. ಹಿಂಭಾಗವು ಮಗನು ಕಟ್ಟಿಸಿದ ಕಾಂಕ್ರೀಟಿನದು. ಅದರ ಚಾವಣಿಯಲ್ಲಿ ಕಬ್ಬಿಣದ ಸರಳುಗಳ ಜಾಲ, ಅದರ ಮೇಲೆ ಮಾಸ್ತರರ ಕೋಣೆ. ರೂಟರು ಇದ್ದುದು ಮುಂಬಾಗಿಲ ಮೂಲೆಯಲ್ಲಿ, ಉಕ್ಕಿನ ಕಪಾಟಿನ ಹಿಂದೆ. ಕಂಪನಿಯವರ ಎಳೆ ಮನೆಯನ್ನು ಹೊಕ್ಕ ಸ್ಥಳವೇ ರೂಟರಿನ ಸ್ಥಳವಾಗುವುದು ಎಲ್ಲ ಕಡೆಯ ರೂಢಿ. ಅದು ಎಳೆಯುವವನ ಅನುಕೂಲವೇ ಹೊರತು ಮನೆಯವರ ಅನುಕೂಲವಲ್ಲ. ಧಾರವಾಡದ ಬಾನುಲಿಯು ಇದೇ ಗೋಡೆಗಳ ನಡುವೆ ಕೇಳುತ್ತಿತ್ತಲ್ಲ ಎಂದು ಸಂಶಯವುಂಟಾದೀತು. ಮಧ್ಯಮತರಂಗದ ಅಲೆಯ ಉದ್ದ ನೂರಾರು ಮೀಟರು. ಅದಕ್ಕೆ ಎರಡಡಿ ಗೋಡೆಯು ಗಣನೆಗೇ ಬಾರದು. ೨.೪ ಗಿಗಾಹರ್ಟ್ಸಿನ ಅಲೆ ಒಂದು ಗೇಣಿಗಿಂತ ಚಿಕ್ಕದು, ಹನ್ನೆರಡೂವರೆ ಸೆಂಟಿಮೀಟರು. ೫ ಗಿಗಾಹರ್ಟ್ಸಿನದು ಅದರ ಅರ್ಧಕ್ಕೂ ಕಡಿಮೆ. ಅಲೆಯು ಗಿಡ್ಡದಾದಷ್ಟೂ ಕಲ್ಲು, ನೀರು, ಲೋಹಗಳಿಗೆ ಹೆಚ್ಚು ಸೋಲುತ್ತದೆ. ಗೋಡೆಯನ್ನು ನೇರವಾಗಿ ದಾಟದೆ ಓರೆಯಾಗಿ ಸೀಳಿ ಹೋಗಬೇಕಾದಾಗ ಎರಡಡಿಯ ಗೋಡೆ ಮೂರು ನಾಲ್ಕು ಅಡಿಯದಾಗುತ್ತದೆ. ಮೂಲೆಯಲ್ಲಿ ಕುಳಿತ ಆ ರೂಟರಿಗೆ ಮಹಡಿಯ ದಾರಿಯೆಲ್ಲ ಓರೆಯೇ.

ಅಲೆಯ ಬಲವನ್ನು ಅಳೆಯುವ ಸಾಧನವು ಮೊಬೈಲಿನಲ್ಲಿ ಬಿಟ್ಟಿಯಾಗಿಯೇ ದೊರೆಯುತ್ತದೆ. ಅದು ತೋರುವ ಅಂಕೆಯು ಋಣಸಂಖ್ಯೆ; ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು, ಹತ್ತು ಅಂಕೆ ಇಳಿದರೆ ಬಲವು ಹತ್ತನೆಯ ಒಂದು ಪಾಲಾಯಿತೆಂದು ತಿಳಿಯಬೇಕು. ಮಾತಿಗೂ ಚಿತ್ರಕ್ಕೂ ಋಣ ೬೭ರಷ್ಟಾದರೂ ಇರಬೇಕೆಂಬುದು ತಜ್ಞರ ರೂಢಿ. ಪಡಸಾಲೆಯಲ್ಲಿ ಋಣ ೪೮ ಇದ್ದದ್ದು ಮಾಸ್ತರರ ಮೇಜಿನ ಬಳಿ ಋಣ ೮೧ ಆಗಿತ್ತು. ಎಂದರೆ ಬಲದಲ್ಲಿ ಎರಡು ಸಾವಿರದ ಒಂದು ಪಾಲು ಮಾತ್ರ ಮೇಲೆ ತಲುಪುತ್ತಿತ್ತು. ಮಾಸ್ತರರು ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ತಾರೀಖು, ವೇಳೆ, ಸ್ಥಳ, ಅಂಕೆ ಎಂದು ಕಾಲಮುಗಳನ್ನು ಗೆರೆ ಹೊಡೆದು ಇದನ್ನೆಲ್ಲ ಬರೆದಿಟ್ಟರು. ಒಂದು ದಿನಕ್ಕೆ ಒಂದೇ ಬದಲಾವಣೆಯೆಂಬ ನಿಯಮವನ್ನೂ ಹಾಕಿದರು. ಪ್ರತಿಗಳನ್ನು ಹೋಲಿಸುವ ಸಂಪಾದಕನು ಒಂದೇ ಸಾಲಿನಲ್ಲಿ ನಾಲ್ಕು ಶಬ್ದಗಳನ್ನು ಒಟ್ಟಿಗೆ ತಿದ್ದಿದರೆ ಯಾವ ತಿದ್ದುಪಡಿಯಿಂದ ಛಂದಸ್ಸು ಸರಿಹೋಯಿತೆಂದು ಅವನಿಗೇ ತಿಳಿಯುವುದಿಲ್ಲವಷ್ಟೆ.

“ಊರಾಗಿನ ಗಾಳೀನ್ನ ಬೈಯೂ ಬದಲಿ ಆ ಕಪಾಟರೆ ಸರಸ್ರಿ” ಎಂದು ಮಾಸ್ತರರ ಪತ್ನಿಯು ಹೇಳಿದ್ದು ಎರಡನೆಯ ದಿನದ ಪ್ರಯೋಗವಾಯಿತು. ಕಪಾಟನ್ನು ಸರಿಸುವ ಬದಲು ರೂಟರನ್ನೇ ಪಡಸಾಲೆಯ ನಡುಗಂಬದ ಎತ್ತರದ ಹಲಗೆಯ ಮೇಲಿಟ್ಟರು. ಋಣ ೮೧ ಇದ್ದದ್ದು ಋಣ ೭೪ಕ್ಕೆ ಬಂದಿತು. ಬಲವು ಐದು ಪಟ್ಟಾಯಿತು, ಕಾಸಿನ ಖರ್ಚಿಲ್ಲ. ಆದರೂ ಸಂಜೆಯ ಪಾಠಕ್ಕೆ ಸಾಲದು.

ಏಕೆಂದರೆ ಸಂಜೆಯ ಏಳೂವರೆಯು ಇಡೀ ಓಣಿಯ ವೇಳೆ. ಮೊಮ್ಮಗನ ಮೊಬೈಲಿನಲ್ಲಿ ಆ ಹೊತ್ತಿಗೆ ಹನ್ನೊಂದು ಮನೆಗಳ ಜಾಲಗಳು ಕಂಡವು. ಇಲ್ಲಿ ಗಾಳಿಯ ಧರ್ಮವನ್ನು ಅರಿಯುವುದು ಅಗತ್ಯ. ಒಂದು ಚಾನಲ್ಲಿನಲ್ಲಿ ಒಂದು ಕಾಲಕ್ಕೆ ಒಬ್ಬರೇ ಮಾತಾಡಬಹುದು. ಪ್ರತಿಯೊಂದು ಯಂತ್ರವೂ ಮೊದಲು ಆಲಿಸಿ, ಯಾರೂ ಮಾತಾಡುತ್ತಿಲ್ಲವೆಂದು ನಿಶ್ಚಯಿಸಿಕೊಂಡು, ಆಮೇಲೆ ಬಾಯಿ ತೆರೆಯುತ್ತದೆ. ವಿದ್ವತ್ಸಭೆಗಳಲ್ಲಿಯೂ ಸದಾ ಕಾಣಸಿಗದ ಈ ಶಿಷ್ಟಾಚಾರವನ್ನು ಯಂತ್ರಗಳು ಪಾಲಿಸುತ್ತವೆಂಬುದು ಮೆಚ್ಚತಕ್ಕ ವಿಷಯ. ಆದರೆ ದೂರದಲ್ಲಿರುವ ಯಂತ್ರವು ತನ್ನ ಮಾತು ತಿಳಿಯಲೆಂದು ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಬೇಕಾಗುತ್ತದೆ. ಅದು ಹೇಳಿ ಮುಗಿಸುವವರೆಗೆ ಉಳಿದವರೆಲ್ಲ ಕಾಯಬೇಕು. ಹಿಂದಿನ ಕೋಣೆಯ ಒಂದು ಹಳೆಯ ಮೊಬೈಲು ಇಡೀ ಮನೆಯನ್ನು ನಿಧಾನಗೊಳಿಸುವ ಮರ್ಮವಿದು.

೨.೪ ಪಟ್ಟಿಯಲ್ಲಿ ಭಾರತದಲ್ಲಿ ಹದಿಮೂರು ಚಾನಲ್ಲುಗಳುಂಟು. ಹೆಸರಿಗೆ ಮಾತ್ರ ಹದಿಮೂರು. ಒಂದರಿಂದ ಮುಂದಿನದಕ್ಕೆ ಐದೇ ಮೆಗಾಹರ್ಟ್ಸ್ ಅಂತರ, ಒಂದೊಂದರ ಅಗಲವೋ ಇಪ್ಪತ್ತು. ಹೊಲದ ಬದುಗಳು ಒಂದರೊಳಗೊಂದು ಹೊಕ್ಕಂತೆ. ಒಂದು, ಆರು, ಹನ್ನೊಂದು ಎಂಬ ಮೂರನ್ನು ಆರಿಸಿಕೊಂಡರೆ ಅವು ಒಂದನ್ನೊಂದು ತಾಕದೆ ನಿಲ್ಲುತ್ತವೆ. ಜಾಣತನದಿಂದ ಮೂರನ್ನೋ ಎಂಟನ್ನೋ ಹಿಡಿದು ‘ಇಲ್ಲಿ ಯಾರೂ ಇಲ್ಲ’ ಎಂದು ಸಂತೋಷಪಡುವವರು ಇಬ್ಬದಿಯವರಿಗೂ ಉಪದ್ರವ ಕೊಡುತ್ತಾರೆ. ಒಂದೇ ಚಾನಲ್ಲಿನವರು ಪರಸ್ಪರರ ಮಾತನ್ನು ಕೇಳಿ ಸರತಿಯಲ್ಲಿ ನಿಲ್ಲಬಲ್ಲರು; ಅರ್ಧ ಹೊಕ್ಕವನ ಮಾತು ಮಾತಾಗಿ ತಿಳಿಯದೆ ಬರಿಯ ಗದ್ದಲವಾಗುತ್ತದೆ. ಮಾಸ್ತರರ ಪಕ್ಕದ ಮನೆಯ ರೂಟರು ಎಂಟರಲ್ಲಿಯೇ ಇತ್ತು. ಪಕ್ಕದವರು ಮಾಸ್ತರರ ಶಿಷ್ಯರೇ ಆದ್ದರಿಂದ ಮೊಮ್ಮಗನು ಹೋಗಿ ಅದನ್ನು ಹನ್ನೊಂದಕ್ಕೆ ಸರಿಸಿ, ತಮ್ಮದನ್ನು ಒಂದಕ್ಕೆ ತಂದು, ಎರಡೂ ಮನೆಗಳಲ್ಲಿ ಚಹಾ ಕುಡಿದು ಬಂದನು. ಸೊಸೆಯು ಹಾಲು ಬಿಸಿಮಾಡುವ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ, ೨.೪೫ ಗಿಗಾಹರ್ಟ್ಸಿನಲ್ಲಿ, ಕೆಲಸಮಾಡುವುದರಿಂದ ಅದು ನಡೆಯುವ ಎರಡು ನಿಮಿಷ ಮರುಕೂಗುಗಳು ತಪ್ಪುತ್ತಿದ್ದವು. ಪಾಠದ ವೇಳೆಗೆ ಹಾಲು ಗ್ಯಾಸಿನ ಒಲೆಯ ಮೇಲೇರಿತು.

ಇಷ್ಟಾದರೂ ನಿರ್ಣಯವು ಸುಲಭವಾಗಲಿಲ್ಲ. ಆ ಶನಿವಾರ ಮಾಸ್ತರರು ಪಡಸಾಲೆಯಲ್ಲಿಯೇ ಕುಳಿತು, ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಪಾಠ ಹೇಳಿದರು. ಗಾಳಿಯ ದೋಷವೆಲ್ಲ ಕಳೆದ ಮೇಲೆ ಪಾಠವು ನಿರ್ವಿಘ್ನವಾಗಬೇಕಿತ್ತು. ಮೊದಲರ್ಧ ಗಂಟೆ ಆಯಿತು ಕೂಡ. ಎಂಟು ಗಂಟೆಯ ಸುಮಾರಿಗೆ ಮಾತು ಮತ್ತೆ ಹಿಂದಿನಂತೆಯೇ ಒಡೆಯಿತು. “ಅಜ್ಜಾ, ಮತ್ತ ಲೈನಿಂದ ತಪ್ಪು ಆತಲ್ಲ” ಎಂದು ಮೊಮ್ಮಗನು ಕಳೆಗುಂದಿದನು.

ಅನ್ವಯ-ವ್ಯತಿರೇಕವು ಮುಗ್ಗರಿಸುವ ಸ್ಥಳವಿದು; ಹೆಚ್ಚಿನವರು ಸೋತು ಕೈಬಿಡುವ ಸ್ಥಳವೂ ಇದೇ. ಕಾರಣವು ಒಂದೇ ಆದಾಗ ಅದನ್ನು ತೆಗೆದರೆ ಕಾರ್ಯವು ನಿಲ್ಲುತ್ತದೆ. ಎರಡು ಕಾರಣಗಳು ಒಂದೇ ಲಕ್ಷಣವನ್ನು ತೋರುವಾಗ ಒಂದನ್ನು ತೆಗೆದರೂ ಲಕ್ಷಣವು ಉಳಿದು, ತೆಗೆದ ಕಾರಣವು ನಿರಪರಾಧಿಯೆಂಬ ಭ್ರಾಂತಿ ಹುಟ್ಟುತ್ತದೆ. ಅರ್ಧ ವಾಸಿಯಾದ ಔಷಧಿಯನ್ನು ನಿಷ್ಫಲವೆಂದು ಬಿಸುಡುವುದು ಹೀಗೆಯೇ. ಮಾಸ್ತರರು ಹಾಜರಿ ಪುಸ್ತಕವನ್ನು ಬಿಚ್ಚಿ, ಎಂಟು ಗಂಟೆಗೆ ಮನೆಯಲ್ಲಿ ಹೊಸತೇನಾಯಿತೆಂದು ಕೇಳಿದರು. ಸೊಸೆಯು ತವರಿನ ಮದುವೆಯನ್ನು ಮುಗಿಸಿಕೊಂಡು ಆಗಷ್ಟೇ ಮನೆಗೆ ಬಂದಿದ್ದಳು. ಅವಳ ಮೊಬೈಲಿನಲ್ಲಿ ಮೂರು ದಿನದ ಚಿತ್ರಗಳು, ಚಲಚ್ಚಿತ್ರಗಳು. ಮನೆಯ ಜಾಲವು ಸಿಕ್ಕೊಡನೆ ಮೊಬೈಲು ಯಾರನ್ನೂ ಕೇಳದೆ ಅವನ್ನೆಲ್ಲ ದೂರದ ಉಗ್ರಾಣಕ್ಕೆ ಏರಿಸತೊಡಗಿತ್ತು.

ಮನೆಯಿಂದ ಹೊರಹೋಗುವ ದಾರಿಯು ತುಂಬಿದಾಗ ರೂಟರು ಮಿಕ್ಕಿದ್ದನ್ನು ಚೆಲ್ಲುವುದಿಲ್ಲ, ಸಾಲಿನಲ್ಲಿ ನಿಲ್ಲಿಸುತ್ತದೆ. ಮದುವೆಯ ಚಿತ್ರಗಳ ಸಾವಿರ ಪೊಟ್ಟಣಗಳ ಹಿಂದೆ ಮಾಸ್ತರರ ‘ಬಳೆ’ಯ ನಾಲ್ಕು ಪೊಟ್ಟಣಗಳು ನಿಲ್ಲಬೇಕು. ಚಿತ್ರಕ್ಕೆ ಎರಡು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ಮಾತಾದರೋ ಒಂದು ಕಡೆಯಿಂದ ಇನ್ನೊಂದಕ್ಕೆ ೧೫೦ ಮಿಲಿಸೆಕೆಂಡಿನೊಳಗೆ ತಲುಪುವುದು ಲೇಸೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆಯುಂಟು, ಅಮೆರಿಕದ ದೂರಕ್ಕೇ ಅದರ ಬಹುಪಾಲು ವೆಚ್ಚವಾಗಿರುತ್ತದೆ. ವೇಗವನ್ನಳೆಯುವ ಪರೀಕ್ಷೆಯಲ್ಲಿ ಈ ದೋಷವು ಸಾಮಾನ್ಯವಾಗಿ ಕಾಣದು. ದಾರಿಯು ತುಂಬಿದಾಗ ಪಿಂಗ್ ಮಾಡಿ ನೋಡಿದರೆ ಮಾತ್ರ ಕಂಡೀತು. ಕೆಲವು ರೂಟರುಗಳಲ್ಲಿ ಮಾತಿನ ಪೊಟ್ಟಣಗಳಿಗೆ ಮುಂದೆ ದಾರಿ ಬಿಡುವ ಏರ್ಪಾಡಿದೆ. ಮಾಸ್ತರರ ರೂಟರಿನಲ್ಲಿ ಅದಿರಲಿಲ್ಲವಾದ್ದರಿಂದ ಮನೆಯ ಮೊಬೈಲುಗಳೆಲ್ಲವೂ ಚಿತ್ರಗಳನ್ನು ರಾತ್ರಿ ಏರಿಸುವಂತೆ ಸೊಸೆಯೇ ಗೊತ್ತುಮಾಡಿದಳು.

ಉಳಿದದ್ದು ಗೋಡೆ. ಅದಕ್ಕೆ ಯಾವ ಯುಕ್ತಿಯೂ ನಡೆಯದೆಂದು ಹಾಜರಿ ಪುಸ್ತಕದ ಅಂಕೆಗಳೇ ಹೇಳುತ್ತಿದ್ದವು. ನಿಸ್ತಂತು ಜಾಲವನ್ನು ಸರಿಪಡಿಸುವ ಅತ್ಯುತ್ತಮ ಸಾಧನವು ತಂತಿಯೇ ಎಂಬುದು ವಿರೋಧಾಭಾಸದಂತೆ ತೋರಿದರೂ ಅನುಭವಸಿದ್ಧವಾದುದು. ಅಂಗಡಿಯಲ್ಲಿ ಮೊದಲು ಕೊಟ್ಟ ಕೇಬಲ್ಲಿನ ಎಳೆಯನ್ನು ಮೊಮ್ಮಗನು ಬ್ಲೇಡಿನಿಂದ ಕೆರೆದು ನೋಡಿದನು; ತಾಮ್ರದ ಬಣ್ಣದ ಕೆಳಗೆ ಬಿಳುಪು ಕಂಡಿತು. ತಾಮ್ರದ ಲೇಪವುಳ್ಳ ಅಲ್ಯುಮಿನಿಯಮ್ಮು, ಬೇಗ ಮುರಿಯುವಂಥದು. ಅದನ್ನು ಮರಳಿಸಿ ಅಪ್ಪಟ ತಾಮ್ರದ ಕ್ಯಾಟ್ ಆರು ಕೇಬಲ್ಲನ್ನು ಇಪ್ಪತ್ತೆರಡು ಮೀಟರು ತಂದರು. ನೂರು ಮೀಟರಿನವರೆಗೆ ಅದಕ್ಕೆ ಅಡ್ಡಿಯಿಲ್ಲ. ಒಳಗಿನ ಎಂಟು ಎಳೆಗಳೂ ಸರಿಯಾಗಿ ಕೂಡಬೇಕು. ಒಂದು ಜೊತೆ ತಪ್ಪಿದರೂ ಸಾವಿರ ಮೆಗಾಬಿಟ್ಟಿನ ದಾರಿ ಸದ್ದಿಲ್ಲದೆ ನೂರಕ್ಕಿಳಿಯುತ್ತದೆ. ಕಲ್ಲಿನ ಗೋಡೆಯನ್ನು ಕೊರೆಯಲು ಮಾಸ್ತರರಿಗೆ ಮನಸ್ಸಿರಲಿಲ್ಲ. ಹಿಂದೆ ಏರಿಯಲ್ ತಂತಿಯು ಇಳಿದು ಬರುತ್ತಿದ್ದ ಬೆಳಕಿಂಡಿಯಿಂದಲೇ ಕೇಬಲ್ಲು ಮೇಲೇರಿ, ಬಿಸಿಲಿಗೆ ಸೀಳದಂತೆ ಪೈಪಿನೊಳಗೆ ಹಾದು, ಮಹಡಿಯ ಕೋಣೆಯನ್ನು ಸೇರಿತು. ಅಟ್ಟದಲ್ಲಿ ಬಿದ್ದಿದ್ದ ಹಳೆಯ ರೂಟರನ್ನು ಅಲ್ಲಿ ಜೋಡಿಸಿದರು. ಯಂತ್ರಗಳಿಗೆ ವಿಳಾಸವನ್ನು ಹಂಚುವ ಅಧಿಕಾರವನ್ನು ಅದರಿಂದ ತೆಗೆದುಹಾಕಿದ್ದಾಯಿತು. ಒಂದು ಮನೆಯಲ್ಲಿ ಹಂಚುವವರು ಇಬ್ಬರಾದರೆ ಒಂದೇ ವಿಳಾಸವು ಇಬ್ಬರಿಗೆ ಹೋಗಿ ಹೊಸ ವ್ಯಾಜ್ಯ ಹುಟ್ಟುತ್ತದೆ. ಮಾಸ್ತರರ ಲ್ಯಾಪ್‌ಟಾಪು ಮಾತ್ರ ನೇರವಾಗಿ ತಂತಿಗೇ.

ವಿದ್ಯುತ್ತಿನ ಕಾಟವೊಂದು ಉಳಿದಿತ್ತು, ಅದು ಸಣ್ಣದು. ರೂಟರು ಇನ್ವರ್ಟರಿನ ಮೇಲಿದ್ದರೂ ಕಂಪನಿಯ ಎಳೆ ಸೇರುವ ಇನ್ನೊಂದು ಪೆಟ್ಟಿಗೆಯು ಬೇರೆ ಪ್ಲಗ್ಗಿನಲ್ಲಿತ್ತು. ಕರೆಂಟು ಹೋದಾಗ ದೀಪ ಉರಿಯುತ್ತಿತ್ತು, ಜಾಲ ಸಾಯುತ್ತಿತ್ತು. ಎರಡಕ್ಕೂ ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿ ಪೆಟ್ಟಿಗೆಯನ್ನಿಟ್ಟ ಮೇಲೆ ಅದೂ ನಿಂತಿತು. ಯೋಜನೆಯು ಹಳೆಯದೇ, ತಿಂಗಳ ಬಿಲ್ಲು ಒಂದು ರೂಪಾಯಿಯೂ ಏರಲಿಲ್ಲ.

ಮ���ಸ್ತರರು ಹುಡುಗಿಗೆ ತಮ್ಮ ಕೈಯಿಂದಲೇ ಒಂದು ಪತ್ರವನ್ನು ಬರೆದು, ಅದರ ಚಿತ್ರವನ್ನು ತಾಯಿಯ ಮೊಬೈಲಿಗೆ ಕಳುಹಿಸಿದರು. ಅವಳ ಕಿವಿಗೆ ಬಿದ್ದದ್ದು ‘ಬಾಳೆ’ಯೇ ಎಂದೂ, ಕೇಳಿದ್ದಕ್ಕೆ ಅವಳು ಹಾಕಿದ ಗುರು-ಲಘುಗಳು ಒಂದೂ ತಪ್ಪಿಲ್ಲವೆಂದೂ, ಆ ದಿನ ತಪ್ಪಿದ್ದು ಗೋಡೆಯೆಂದೂ ಅದರಲ್ಲಿತ್ತು. ಎಷ್ಟು ದಪ್ಪದ ಗೋಡೆಯೆಂದು ಹುಡುಗಿಯು ಕೇಳಿ ಕಳುಹಿಸಿದಳು. ಮೊಮ್ಮಗನು ಅಳತೆಪಟ್ಟಿಯನ್ನು ಹಿಡಿದು ಚಿತ್ರ ತೆಗೆದು ಕಳಿಸಿದನು.

ಆಗಸ್ಟ್ ತಿಂಗಳ ಎರಡನೆಯ ಶನಿವಾರ ಅವಳು ತರಗತಿಗೆ ಬಂದಳು. ಮಾಸ್ತರರು ಬೇರೆ ಪೀಠಿಕೆಯಿಲ್ಲದೆ ‘ಬಳೆ’ ಎಂದರು, ‘ಬಾಳೆ’ ಎಂದರು, ‘ಕತೆ’ ಎಂದರು, ‘ಕತ್ತೆ’ ಎಂದರು. ನಾಲ್ಕಕ್ಕೂ ಚಿಹ್ನೆಗಳು ಸರಿಯಾಗಿ ಬಿದ್ದವು. ಕೊನೆಯ ಶಬ್ದಕ್ಕೆ ಈ ಸಲ ಎಲ್ಲ ಮಕ್ಕಳೊಡನೆ ಅವಳೂ ನಕ್ಕಳು. ಆ ಬಳಿಕ ಅವಳು ಪುಸ್ತಕವನ್ನು ತಿರುವಿ, ಷಟ್ಪದಿಯ ಮೂರನೆಯ ಸಾಲಿನ ಕಡೆಯಲ್ಲಿ ಒಂದು ಗುರು ಏಕೆ ಬರುತ್ತದೆ, ಜೂನಿನಲ್ಲಿ ಅದನ್ನು ಹೇಳುವಾಗ ಏನೂ ಕೇಳಿಸಲಿಲ್ಲ ಎಂದಳು. ಮಾಸ್ತರರು ಹಲಗೆಯನ್ನು ಒರೆಸಿ ಮೂರನೆಯ ಸಾಲಿನಿಂದ ಪಾಠವನ್ನು ಮತ್ತೆ ಆರಂಭಿಸಿದರು.